ಶೀತಲೀ ಪ್ರಾಣಾಯಾಮ: ಮೈಯ ತಾಪಕ್ಕೂ ಮನದ ತಾಪಕ್ಕೂ

ಶಿವರಾತ್ರಿ ಬಂದೊಡನೆ ಚಳಿಯು ಶಿವ ಶಿವ ಎನ್ನುತ್ತ ಹೊರಟುಹೋಗುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಅಂದಿನಿಂದ ಮೃಗಶಿರಾ ಮಳೆ, ನಮ್ಮ ಕಡೆಯ ಮಾತಿನಲ್ಲಿ ‘ಮಿರಗ’, ಕೂಡುವವರೆಗಿನ ಮೂರು ತಿಂಗಳು ಅವಳಿ ನಗರದ ನಿವಾಸಿಗಳಾದ ನಮಗೆ ಸಹನೆಯ ಪರೀಕ್ಷೆಯ ಕಾಲ. ಧಾರವಾಡವು ಸಮುದ್ರಮಟ್ಟದಿಂದ ಸುಮಾರು 750 ಮೀಟರ ಎತ್ತರದಲ್ಲಿ, ಮಲೆನಾಡಿನ ಸೆರಗಿನಲ್ಲಿರುವುದರಿಂದ ಸಂಜೆಗೆ ತಂಗಾಳಿಯಾದರೂ ಬೀಸುವುದು. ಬಯಲಿಗೆ ಮೈಯೊಡ್ಡಿದ ಹುಬ್ಬಳ್ಳಿಗೆ ಆ ಭಾಗ್ಯವೂ ಕಡಿಮೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಉಷ್ಣತೆಯು 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುವುದು ನಮಗೆ ಹೊಸದಲ್ಲ. 2024ರ ಬೇಸಿಗೆಯಲ್ಲಂತೂ ಉತ್ತರ ಒಳನಾಡಿನ ಜಿಲ್ಲೆಗಳಿಗೆ ಹವಾಮಾನ ಇಲಾಖೆಯು ಉಷ್ಣ ಅಲೆಯ ಎಚ್ಚರಿಕೆಯನ್ನೇ ನೀಡಬೇಕಾಯಿತು.

ಈ ತಾಪವು ಮೈಯನ್ನಷ್ಟೇ ಸುಟ್ಟು ಸುಮ್ಮನಾಗುವುದಿಲ್ಲ. ಒಲೆಯ ಮುಂದೆ ಕುಳಿತು ಮನೆಮಂದಿಗೆಲ್ಲ ರೊಟ್ಟಿ ಬಡಿಯುವ ತಾಯಿ, ಅಮರಗೋಳದ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ, ದುರ್ಗದ ಬೈಲಿನಲ್ಲಿ ದಿನವಿಡೀ ನಿಂತು ಮಾರುವ ವ್ಯಾಪಾರಿ, ಪರೀಕ್ಷೆಗೆ ಓದುವ ಮಗ, ಫ್ಯಾನಿನ ಕೆಳಗೂ ನಿದ್ರೆ ಬಾರದ ಅಜ್ಜ – ಇವರೆಲ್ಲರೂ ಸಂಜೆಗೆ ಒಂದೇ ಸೂರಿನ ಕೆಳಗೆ ಕೂಡುವರು. ಆಗ ಸಣ್ಣ ಮಾತೂ ಬಿರುಸಾಗುವುದು. ತಟ್ಟೆಯಲ್ಲಿ ಉಪ್ಪು ಕಡಿಮೆಯಾದುದೇ ಜಗಳಕ್ಕೆ ಕಾರಣವಾಗುವುದು. ಬೇಸಿಗೆಯಲ್ಲಿ ಯಾವ ಪ್ರಾಣಾಯಾಮವನ್ನು ಮಾಡಬೇಕೆಂದು ಅನೇಕ ಶರಣ ಬಂಧುಗಳು ಮೇಲಿಂದ ಮೇಲೆ ಕೇಳುತ್ತಿರುವರು. ಆದುದರಿಂದ ಈ ತಿಂಗಳ ಅಂಕಣವನ್ನು ಶೀತಲೀ ಪ್ರಾಣಾಯಾಮಕ್ಕೆ ಮೀಸಲಿಟ್ಟಿದ್ದೇವೆ. ಅದನ್ನು ಮಾಡುವ ಕ್ರಮವೇನು, ಅದರಿಂದ ದೊರೆಯುವುದೇನು, ದೊರೆಯದಿರುವುದೇನು ಎಂಬ ಮೂರನ್ನೂ ಇಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸುತ್ತೇವೆ.

ಶಾಸ್ತ್ರದಲ್ಲಿ ಶೀತಲೀ

ಸ್ವಾತ್ಮಾರಾಮ ಯೋಗಿಯು ರಚಿಸಿದ ‘ಹಠಯೋಗ ಪ್ರದೀಪಿಕೆ’ಯು ಸುಮಾರು 15ನೆಯ ಶತಮಾನದ ಗ್ರಂಥವೆಂದು ವಿದ್ವಾಂಸರ ಅಭಿಪ್ರಾಯ. ಅದರ ಎರಡನೆಯ ಉಪದೇಶದಲ್ಲಿ ಎಂಟು ಬಗೆಯ ಕುಂಭಕಗಳ ವರ್ಣನೆಯಿದೆ. ಸೂರ್ಯಭೇದನ, ಉಜ್ಜಾಯಿ, ಶೀತ್ಕಾರಿ, ಶೀತಲೀ, ಭಸ್ತ್ರಿಕಾ, ಭ್ರಾಮರಿ, ಮೂರ್ಛಾ ಮತ್ತು ಪ್ಲಾವಿನಿ ಎಂಬಿವೇ ಆ ಎಂಟು. ಇವುಗಳಲ್ಲಿ ಸೂರ್ಯಭೇದನ, ಭಸ್ತ್ರಿಕಾಗಳು ಶರೀರಕ್ಕೆ ಕಾವು ಕೊಡುವವೆಂದೂ ಶೀತ್ಕಾರಿ, ಶೀತಲೀಗಳು ತಂಪು ನೀಡುವವೆಂದೂ ಪರಂಪರೆಯ ನಂಬಿಕೆ. ಆದ್ದರಿಂದಲೇ ಮೊದಲಿನವುಗಳನ್ನು ಚಳಿಗಾಲದಲ್ಲಿ, ಎರಡನೆಯವುಗಳನ್ನು ಬೇಸಿಗೆಯಲ್ಲಿ ಮಾಡುವುದು ವಾಡಿಕೆಯಾಯಿತು. ‘ಘೇರಂಡ ಸಂಹಿತೆ’ಯಲ್ಲಿಯೂ ಶೀತಲೀಯ ವಿಧಿಯಿದೆ.

ಪ್ರದೀಪಿಕೆಯು ಶೀತಲೀಯ ಫಲವನ್ನು ಹೇಳುವಾಗ ಗುಲ್ಮ, ಪ್ಲೀಹ, ಜ್ವರ, ಪಿತ್ತ, ಹಸಿವು, ನೀರಡಿಕೆಗಳ ಜೊತೆಗೆ ವಿಷವನ್ನೂ ಅದು ನಿವಾರಿಸುವುದೆಂದು ಹೊಗಳಿದೆ. ಹಳೆಯ ಗ್ರಂಥಗಳ ಫಲಶ್ರುತಿಯನ್ನು ಗೌರವದಿಂದ ಓದಬೇಕು. ಆದರೆ ವಿವೇಕವನ್ನು ಬದಿಗಿಟ್ಟು ಓದಬಾರದು. ಹಾವು ಕಚ್ಚಿದವನಿಗೆ ಬೇಕಾದುದು ಆಸ್ಪತ್ರೆಯ ಚಿಕಿತ್ಸೆ. ಜ್ವರ ಬಂದವನಿಗೆ ಬೇಕಾದುದು ವೈದ್ಯರ ಪರೀಕ್ಷೆ. ಇದನ್ನು ಆರಂಭದಲ್ಲಿಯೇ ಹೇಳಿಬಿಡುವುದು ಲೇಸು.

ಧಾರವಾಡದ ನಂಟು

ಯೋಗವಿದ್ಯೆಯು ಒಂದು ಕಾಲಕ್ಕೆ ಮಠ–ಗುಹೆಗಳಲ್ಲಿದ್ದ ಸಾಧಕರ ಸೊತ್ತಾಗಿತ್ತು. ಗೃಹಸ್ಥರಿಗೆ, ಅದರಲ್ಲಿಯೂ ಮಹಿಳೆಯರಿಗೆ, ಅದು ದೂರವೇ ಉಳಿದಿತ್ತು. ಈ ದೂರವನ್ನು ಕಡಿಮೆ ಮಾಡಿದ ಒಂದು ಸಂಗತಿಯು ನಮ್ಮ ಧಾರವಾಡಕ್ಕೇ ಸೇರಿದುದೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1936ರಲ್ಲಿ ಶಿಷ್ಯರೊಡನೆ ಉತ್ತರ ಕರ್ನಾಟಕದ ಪ್ರವಾಸ ಕೈಗೊಂಡರು. ಧಾರವಾಡದಲ್ಲಿ ಕೆಲವು ಮಹಿಳೆಯರು ತಮಗೂ ಯೋಗವನ್ನು ಕಲಿಸಬೇಕೆಂದು ಕೇಳಿಕೊಂಡರು. ಆ ಕಾರ್ಯಕ್ಕೆ ಗುರುಗಳು ಆರಿಸಿದುದು ಶಿಷ್ಯರಲ್ಲಿ ಎಲ್ಲರಿಗಿಂತ ಕಿರಿಯನಾಗಿದ್ದ ಒಬ್ಬ ಹದಿಹರೆಯದ ತರುಣನನ್ನು. ಆತನೇ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ, ಮುಂದೆ ವಿಶ್ವವಿಖ್ಯಾತರಾದ ಬಿ.ಕೆ.ಎಸ್. ಅಯ್ಯಂಗಾರರು. 1937ರಲ್ಲಿ ಅವರು ಪುಣೆಗೆ ತೆರಳಿದರು. 2014ರಲ್ಲಿ ಅಲ್ಲಿಯೇ ದೇಹ ಬಿಟ್ಟರು. 1966ರಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಹಾಗೂ 1981ರ ‘ಲೈಟ್ ಆನ್ ಪ್ರಾಣಾಯಾಮ’ ಗ್ರಂಥಗಳಲ್ಲಿ ಶೀತಲೀ, ಶೀತ್ಕಾರಿಗಳ ಕ್ರಮವನ್ನು ವಿವರಿಸಿರುವರು.

ಇಂದು ಕೇಂದ್ರದ ಆಯುಷ್ ಸಚಿವಾಲಯವು ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನಕ್ಕೆಂದು ಸಿದ್ಧಪಡಿಸಿದ ಸಾಮಾನ್ಯ ಯೋಗಾಭ್ಯಾಸದ ಕ್ರಮದಲ್ಲಿಯೂ ಶೀತಲೀಗೆ ಸ್ಥಾನ ದೊರೆತಿದೆ. ಹೀಗೆ ಯೋಗಿಗಳ ಗುಹೆಯಲ್ಲಿದ್ದ ಸಾಧನೆಯೊಂದು ನಮ್ಮ ಮನೆಯ ಪಡಸಾಲೆಗೆ ಬಂದು ಕುಳಿತಿದೆ.

ಮಾಡುವ ವಿಧಾನ

ಮುಂಜಾನೆ ಸ್ನಾನವಾದ ಮೇಲೆ, ಪೂಜೆಗೆ ಕುಳ್ಳಿರುವ ಮೊದಲು ಇದಕ್ಕೆ ಪ್ರಶಸ್ತ ಸಮಯ. ಅದಾಗದಿದ್ದರೆ ಸಂಜೆ ಬಿಸಿಲು ಇಳಿದ ಬಳಿಕ ಮಾಡಬಹುದು. ಊಟವಾಗಿ ಮೂರು ತಾಸಾದರೂ ಕಳೆದಿರಬೇಕು. ಸ್ಥಳವು ಧೂಳು–ಹೊಗೆಗಳಿಲ್ಲದೆ ಸ್ವಚ್ಛವಾಗಿರಬೇಕು.

1. ಪದ್ಮಾಸನ, ಸಿದ್ಧಾಸನ ಇಲ್ಲವೆ ಸುಖಾಸನದಲ್ಲಿ ಕುಳಿತುಕೊಳ್ಳಬೇಕು. ಮೊಣಕಾಲಿನ ನೋವುಳ್ಳ ಹಿರಿಯರು ಕುರ್ಚಿಯ ಮೇಲೆ ಕುಳಿತರೂ ಸರಿಯೇ. ಬೆನ್ನು, ಕುತ್ತಿಗೆ, ತಲೆ ನೆಟ್ಟಗಿರಲಿ, ಹೆಗಲು ಸಡಿಲವಾಗಿರಲಿ. ಕೈಗಳನ್ನು ಮೊಣಕಾಲುಗಳ ಮೇಲಿರಿಸಿ ಕಣ್ಣು ಮುಚ್ಚಬೇಕು.

2. ಒಂದೆರಡು ಸಹಜ ಉಸಿರುಗಳಾದ ಮೇಲೆ ಬಾಯಿ ತೆರೆದು ನಾಲಿಗೆಯನ್ನು ತುಟಿಗಳಿಂದ ತುಸು ಹೊರಚಾಚಬೇಕು. ಅದರ ಎರಡೂ ಅಂಚುಗಳನ್ನು ಮೇಲಕ್ಕೆ ಮಡಿಸಿ ಕೊಳವೆಯಂತೆ ಮಾಡಬೇಕು. ಆಗ ಅದು ಹಕ್ಕಿಯ ಕೊಕ್ಕಿನಂತೆ ಕಾಣುವುದು.

3. ಆ ಕೊಳವೆಯ ಮೂಲಕ ಗಾಳಿಯನ್ನು ಮೆಲ್ಲನೆ, ಒಂದೇ ಸಮನಾಗಿ ಒಳಗೆಳೆದುಕೊಳ್ಳಬೇಕು. ನಾಲಿಗೆಯ ಮೇಲೆ ತಂಪು ಹರಿಯುವುದು ಆಗಲೇ ಅನುಭವಕ್ಕೆ ಬರುವುದು.

4. ಉಸಿರು ತುಂಬಿದೊಡನೆ ನಾಲಿಗೆಯನ್ನು ಒಳಗೆಳೆದು ಬಾಯಿ ಮುಚ್ಚಬೇಕು. ಹೊಸಬರು ಉಸಿರನ್ನು ಬಿಗಿಹಿಡಿಯಬೇಕಾಗಿಲ್ಲ. ಕುಂಭಕವನ್ನು ಬಲ್ಲವರಿಂದ ಕಲಿತ ಮೇಲೆಯೇ ಮಾಡತಕ್ಕದ್ದು.

5. ಎರಡೂ ಮೂಗಿನ ಹೊಳ್ಳೆಗಳಿಂದ ಉಸಿರನ್ನು ಇನ್ನಷ್ಟು ಸಾವಕಾಶವಾಗಿ ಬಿಡಬೇಕು. ಬಾಯಿಯಿಂದ ಎಂದಿಗೂ ಬಿಡಬಾರದು.

ಇದು ಒಂದು ಆವರ್ತನ. ಮೊದಲ ವಾರ ಐದು ಆವರ್ತನಗಳು ಸಾಕು. ಬಳಿಕ ಹತ್ತು, ಹೆಚ್ಚೆಂದರೆ ಹದಿನೈದರವರೆಗೆ ಬೆಳೆಸಬಹುದು. ಉಸಿರನ್ನು ಅಳೆಯಲು ಗಡಿಯಾರ ಬೇಡ. ಒಳಗೆಳೆಯುವಾಗ ಮನಸ್ಸಿನಲ್ಲಿ ಒಂದು ಸಲ ಓಂ ನಮಃ ಶಿವಾಯ ಎಂಬ ಷಡಕ್ಷರಿಯನ್ನು ನೆನೆಯಿರಿ. ಬಿಡುವಾಗ ಎರಡು ಸಲ ನೆನೆಯಿರಿ. ಒಳಬರುವ ಉಸಿರಿಗಿಂತ ಹೊರಹೋಗುವ ಉಸಿರು ಇಮ್ಮಡಿ ದೀರ್ಘವಾಗುವುದಕ್ಕೆ ಇದಕ್ಕಿಂತ ಸುಲಭವಾದ ಅಳತೆ ನಮ್ಮ ಮನೆಗಳಲ್ಲಿ ಬೇರೊಂದಿಲ್ಲ. ಕೊನೆಗೆ ಎರಡು ನಿಮಿಷ ಸುಮ್ಮನೆ ಕುಳಿತು ಉಸಿರನ್ನು ಅದರ ಪಾಡಿಗೆ ಬಿಡಬೇಕು.

ನಾಲಿಗೆ ಮಡಿಸಲು ಬಾರದವರು

‘ನಮಗೆ ನಾಲಿಗೆಯೇ ಮಡಿಯುವುದಿಲ್ಲ’ ಎಂದು ಬೇಸರಪಡುವವರು ಬಹಳ. ಇದರಲ್ಲಿ ಕೊರತೆಯೆಂಬುದೇನೂ ಇಲ್ಲ. ಅಮೆರಿಕದ ತಳಿವಿಜ್ಞಾನಿ ಸ್ಟರ್ಟೆವಂಟ್ ಅವರು 1940ರಲ್ಲಿ ನಾಲಿಗೆ ಮಡಿಸುವ ಶಕ್ತಿಯು ವಂಶಪಾರಂಪರ್ಯವಾಗಿ ಬರುವುದೆಂದು ಬರೆದರು. ನೂರರಲ್ಲಿ ಸುಮಾರು 65 ಜನರಿಗೆ ಅದು ಸಾಧ್ಯವೆಂದು ಕಂಡುಕೊಂಡರು. ಆದರೆ 1952ರಲ್ಲಿ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ ಒಬ್ಬರಿಗೆ ಬರುವುದು ಮತ್ತೊಬ್ಬರಿಗೆ ಬಾರದ ಉದಾಹರಣೆಗಳು ದೊರೆತವು. ಹೀಗಾಗಿ ಅದು ಕೇವಲ ರಕ್ತದಿಂದ ಬಂದ ಗುಣವಲ್ಲವೆಂದು ತಿಳಿಯಿತು. ಕೆಲವರಿಗೆ ಅಭ್ಯಾಸದಿಂದ ಬರಬಹುದು, ಕೆಲವರಿಗೆ ಬಾರದಿರಬಹುದು.

ಬಾರದವರಿಗೆ ಶೀತ್ಕಾರಿಯಿದೆ. ಮೇಲಿನ, ಕೆಳಗಿನ ಹಲ್ಲುಗಳನ್ನು ಹಗುರಾಗಿ ಜೋಡಿಸಿ, ತುಟಿಗಳನ್ನು ತುಸು ತೆರೆದು, ನಾಲಿಗೆಯನ್ನು ಹಲ್ಲುಗಳ ಹಿಂದಿರಿಸಬೇಕು. ಹಲ್ಲುಗಳ ಸಂದಿನಿಂದ ‘ಸೀ’ ಎಂಬ ಮೆಲುದನಿಯೊಡನೆ ಉಸಿರನ್ನೆಳೆದು, ಬಾಯಿ ಮುಚ್ಚಿ, ಮೂಗಿನಿಂದ ಬಿಡಬೇಕು. ಖಾರ ತಿಂದಾಗ ನಾವೆಲ್ಲರೂ ಕಲಿಯದೆಯೇ ಮಾಡುವ ಕ್ರಿಯೆಯಿದು. ಶಾಸ್ತ್ರವು ಅದಕ್ಕೆ ಶಿಸ್ತನ್ನು ಕೊಟ್ಟಿತು, ಅಷ್ಟೇ. ತಣ್ಣೀರು ತಾಕಿದರೆ ಹಲ್ಲು ಜುಮ್ಮೆನ್ನುವವರು ಮತ್ತು ಕಟ್ಟಿಸಿದ ಹಲ್ಲಿನವರು ಇದನ್ನು ಬಿಡುವುದು ಒಳ್ಳೆಯದು.

ತಂಪು ಬರುವುದೆಲ್ಲಿಂದ?

ಬೇಸಿಗೆಯಲ್ಲಿ ನಮ್ಮ ಮನೆಯ ಮೂಲೆಯಲ್ಲಿ ಮಣ್ಣಿನ ಹರವಿಯು ಬಂದು ಕೂಡುವುದು. ಅದರ ನೀರು ತಣ್ಣಗಿರುವುದಕ್ಕೆ ಕಾರಣವೇನು? ಹರವಿಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುವುದು. ಆವಿಯಾಗಲು ಬೇಕಾದ ಶಾಖವನ್ನು ಅದು ಒಳಗಿನ ನೀರಿನಿಂದಲೇ ಹೀರಿಕೊಳ್ಳುವುದು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ನೀರು ಮೈಯ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಒದ್ದೆಯಾದ ನಾಲಿಗೆಯ ಮೇಲೆ ಗಾಳಿ ಹರಿದಾಗ ನಡೆಯುವುದೂ ಇದೇ. ಶೀತಲೀಯಲ್ಲಿ ನಾಲಿಗೆಯೇ ಹರವಿ.

ಹಾಗಾದರೆ ಇಡೀ ಶರೀರವೂ ತಂಪಾಗುವುದೇ? ಇಲ್ಲಿ ಲೆಕ್ಕವು ಬೇರೆಯೇ ಮಾತನ್ನು ಹೇಳುವುದು. ಹತ್ತು ಉಸಿರುಗಳಲ್ಲಿ ನಾಲಿಗೆ–ಬಾಯಿಗಳಿಂದ ಆವಿಯಾಗುವ ನೀರು ಅರ್ಧ ಗ್ರಾಮಿನಷ್ಟೂ ಇರದು. ಅರವತ್ತು ಕಿಲೊ ತೂಕದ ಶರೀರದ ಉಷ್ಣತೆಯು ಒಂದು ಡಿಗ್ರಿ ಇಳಿಯಬೇಕಾದರೆ 80–90 ಗ್ರಾಂ ಬೆವರು ಆವಿಯಾಗಬೇಕು. ಪ್ರಯೋಗವೂ ಇದನ್ನೇ ತೋರಿಸಿತು. ಹರಿದ್ವಾರದ ಪತಂಜಲಿ ಸಂಶೋಧನಾ ಪ್ರತಿಷ್ಠಾನದ ಶರ್ಲೀ ಟೆಲ್ಲಿಸ್ ಮತ್ತು ಸಂಗಡಿಗರು ಶೀತಲೀ, ಶೀತ್ಕಾರಿಗಳನ್ನು ಮಾಡುವವರ ಕಂಕುಳಿನ ಉಷ್ಣತೆಯನ್ನು ಅಳೆದು 2020ರಲ್ಲಿ ಫಲವನ್ನು ಪ್ರಕಟಿಸಿದರು. ಅಭ್ಯಾಸದ ವೇಳೆಯಲ್ಲಿ ಉಷ್ಣತೆಯು ಇಳಿಯುವುದಕ್ಕೆ ಬದಲಾಗಿ ತುಸು ಏರಿತ್ತು! ಯೋಗದ ಅಭಿಮಾನಿಗಳೇ ನಡೆಸಿದ ಪರೀಕ್ಷೆಯ ಫಲವಿದು. ಆದುದರಿಂದ ಇದಕ್ಕೆ ಹೆಚ್ಚಿನ ಬೆಲೆಯಿದೆ.

ಹಾಗೆಂದು ಶೀತಲೀಯು ನಿಷ್ಪ್ರಯೋಜಕವೆಂದು ತಿಳಿಯಬಾರದು. ಅದನ್ನು ಮಾಡಿದವರಿಗೆ ಆಗುವ ಹಾಯೆನಿಸುವ ಅನುಭವವು ಸುಳ್ಳಲ್ಲ. ನಾಲಿಗೆ, ಬಾಯಿಗಳಿಗೆ ತಗಲುವ ತಂಪು ನಿಜವಾದುದು. ಅದಕ್ಕಿಂತ ಮುಖ್ಯವಾದುದು ದೀರ್ಘವಾದ ಹೊರಉಸಿರು. ಉಸಿರನ್ನು ಒಳಗೆಳೆಯುವಾಗ ಹೃದಯದ ಬಡಿತವು ತುಸು ವೇಗಗೊಳ್ಳುವುದು, ಬಿಡುವಾಗ ನಿಧಾನವಾಗುವುದು. ಬಿಡುವ ಉಸಿರು ದೀರ್ಘವಾದಷ್ಟೂ ಶರೀರವನ್ನು ವಿಶ್ರಾಂತಿಯ ಕಡೆಗೆ ಒಯ್ಯುವ ವೇಗಸ್ ಎಂಬ ನರವು ತನ್ನ ಕಾರ್ಯವನ್ನು ಚೆನ್ನಾಗಿ ಮಾಡುವುದು. ಬಿಗಿದ ಹುಬ್ಬು ಸಡಿಲಗೊಳ್ಳುವುದು, ಎದೆಯ ಬಡಿತ ಹದಕ್ಕೆ ಬರುವುದು, ಮಾತಿನ ಬಿರುಸು ತಗ್ಗುವುದು. ಶೀತಲೀಯು ಥರ್ಮಾಮೀಟರಿನ ಪಾದರಸವನ್ನು ಇಳಿಸದು. ಮನಸ್ಸಿನ ಪಾದರಸವನ್ನು ಇಳಿಸುವುದು. ಬೇಸಿಗೆಯ ಸಂಜೆ ನಮ್ಮ ಮನೆಗಳಿಗೆ ಬೇಕಾದುದೂ ಇದೇ ಅಲ್ಲವೇ?

ಮರೆಯಬಾರದ ಎಚ್ಚರಿಕೆಗಳು

ಈ ಭೇದವನ್ನು ಅರಿಯದಿದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಬಿಸಿಲಿನಲ್ಲಿ ದುಡಿದವರ ಮೈ 40 ಡಿಗ್ರಿಗೆ ಏರಿ, ಮಾತು ತೊದಲಿ, ಗೊಂದಲವಾಗಿ, ಎಚ್ಚರ ತಪ್ಪುವ ಸ್ಥಿತಿ ಬಂದರೆ ಅದು ಉಷ್ಣಾಘಾತ. ಆಗ ಪ್ರಾಣಾಯಾಮದ ಮಾತನ್ನೇ ಎತ್ತಬಾರದು. ನೆರಳಿಗೊಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು, ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಿ ತಡವಿಲ್ಲದೆ ಆಸ್ಪತ್ರೆಗೆ ಸೇರಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು.

ರಕ್ತದೊತ್ತಡದ ಗುಳಿಗೆಯನ್ನು ತೆಗೆದುಕೊಳ್ಳುವವರು ಶೀತಲೀಯನ್ನು ನಂಬಿ ಅದನ್ನು ನಿಲ್ಲಿಸಬಾರದು. ಉಸಿರಾಟದ ಅಭ್ಯಾಸದಿಂದ ಒತ್ತಡವು ತುಸು ತಗ್ಗಿದರೂ ಗುಳಿಗೆಯನ್ನು ಕಡಿಮೆ ಮಾಡುವ ಅಧಿಕಾರ ವೈದ್ಯರದು, ನಮ್ಮದಲ್ಲ. ಹೃದ್ರೋಗಿಗಳು, ಗರ್ಭಿಣಿಯರು ಉಸಿರನ್ನು ಬಿಗಿಹಿಡಿಯಲೇಬಾರದು. ವೈದ್ಯರನ್ನು ಕೇಳಿಯೇ ಅಭ್ಯಾಸವನ್ನು ಆರಂಭಿಸಬೇಕು. ಮಕ್ಕಳು ಆಟದಂತೆ ನಾಲ್ಕೈದು ಸಲ ಮಾಡಲಿ, ಅವರಿಗೂ ಕುಂಭಕ ಬೇಡ. ನೆಗಡಿ, ಕೆಮ್ಮು, ದಮ್ಮು, ಗಂಟಲುಬಾವು ಇದ್ದವರು ಮತ್ತು ರಕ್ತದೊತ್ತಡ ಕಡಿಮೆಯಿರುವವರು ಇದನ್ನು ಬಿಡುವುದು ಕ್ಷೇಮ. ತಲೆ ಸುತ್ತಿದರೆ ಕೂಡಲೆ ನಿಲ್ಲಿಸಿ ಸಹಜವಾಗಿ ಉಸಿರಾಡಬೇಕು.

ಮೂಗು ಗಾಳಿಯನ್ನು ಸೋಸುವುದು, ಹದವಾಗಿ ಬಿಸಿ ಮಾಡುವುದು, ತೇವಗೊಳಿಸುವುದು. ಬಾಯಿಗೆ ಈ ಗುಣಗಳು ಅಷ್ಟಾಗಿ ಇಲ್ಲ. ಆದುದರಿಂದ ವಾಹನಗಳ ಹೊಗೆ, ರಸ್ತೆಯ ಧೂಳು ತುಂಬಿದೆಡೆ ಶೀತಲೀ ಸಲ್ಲದು. ನೃಪತುಂಗ ಬೆಟ್ಟದ ಮೇಲೆ, ಉಣಕಲ್ ಕೆರೆಯ ದಂಡೆಯಲ್ಲಿ, ಇಲ್ಲವೆ ಮನೆಯ ಮಾಳಿಗೆಯ ಮೇಲೆ ಬೆಳಗಿನ ತಿಳಿಗಾಳಿಯಲ್ಲಿ ಮಾಡಬಹುದು. ಮಿರಗ ಕೂಡಿ ಧಾರವಾಡದ ಜಡಿಮಳೆ ಆರಂಭವಾದ ಮೇಲೆ ಇದನ್ನು ನಿಲ್ಲಿಸಿ ನಾಡಿಶೋಧನದಂಥ ಸಮಶೀತೋಷ್ಣ ಪ್ರಾಣಾಯಾಮಕ್ಕೆ ಹೊರಳುವುದು ಉಚಿತ.

ನೀರಡಿಕೆಯನ್ನು ಶೀತಲೀಯು ಹಿಂಗಿಸುವುದೆಂದು ನಂಬಿ ನೀರು ಕುಡಿಯುವುದನ್ನು ಕಡಿಮೆ ಮಾಡಲೂಬಾರದು. ವಯಸ್ಸಾದವರಿಗೆ ನೀರಡಿಕೆಯ ಅರಿವೇ ತಗ್ಗಿರುವುದು. ಅಜ್ಜ–ಅಜ್ಜಿಯರು ಕೇಳುವವರೆಗೆ ಕಾಯದೆ ತಾಸಿಗೊಮ್ಮೆ ನೀರು, ಮಜ್ಜಿಗೆ, ಅಂಬಲಿಗಳನ್ನು ಅವರ ಕೈಗೆ ಕೊಡುವುದು ಮನೆಯ ಕಿರಿಯರ ಕರ್ತವ್ಯ.

ಶರಣರ ದೃಷ್ಟಿ

ದೇಹವನ್ನು ಸಾಧಿಸುವ ವಿದ್ಯೆಯನ್ನು ನಮ್ಮ ಶರಣರು ಹೇಗೆ ಕಂಡರು? ‘ಶೂನ್ಯಸಂಪಾದನೆ’ಯಲ್ಲಿ ಬರುವ ಗೋರಕ್ಷನ ಪ್ರಸಂಗವು ಇದಕ್ಕೆ ಉತ್ತರ ಹೇಳುವುದು. ಈ ಮಹಾಗ್ರಂಥವನ್ನು ನಮ್ಮ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿತು. ಯೋಗಸಾಧನೆಯಿಂದ ವಜ್ರಕಾಯವನ್ನು ಗಳಿಸಿದ್ದ ಗೋರಕ್ಷನು ಶ್ರೀಶೈಲದಲ್ಲಿ ಅಲ್ಲಮಪ್ರಭುವಿಗೆ ಕತ್ತಿಯನ್ನಿತ್ತು ತನ್ನನ್ನು ಹೊಡೆಯೆಂದನು. ಹೊಡೆದಾಗ ಕತ್ತಿಯು ಖಣಿಲೆಂದಿತು. ಗೋರಕ್ಷನ ಕೂದಲೂ ಕೊಂಕಲಿಲ್ಲ. ಬಳಿಕ ಗೋರಕ್ಷನು ಪ್ರಭುವಿನ ಮೇಲೆ ಕತ್ತಿ ಬೀಸಲು ಅದು ಬಯಲಿನಲ್ಲಿ ಆಡಿದಂತೆ ಹಾಯ್ದುಹೋಯಿತು. ಸದ್ದು ಮಾಡುವಷ್ಟು ಗಟ್ಟಿಯಾದ ದೇಹದಲ್ಲಿ ‘ನಾನು’ ಎಂಬುದೂ ಅಷ್ಟೇ ಗಟ್ಟಿಯಾಗಿ ಉಳಿದಿತ್ತೆಂಬುದನ್ನು ಗೋರಕ್ಷನು ಅರಿತು ಪ್ರಭುವಿಗೆ ಶರಣಾದನು.

ಶರೀರವನ್ನು ಹದಗೊಳಿಸುವ ಸಾಧನೆಯನ್ನು ಶರಣರು ಹೀಗಳೆಯಲಿಲ್ಲ. ಶರೀರವನ್ನೇ ದೇವಾಲಯವಾಗಿ ಕಂಡವರು ಅದನ್ನು ಹೀಗಳೆಯುವುದುಂಟೇ? ಆದರೆ ಅದನ್ನೇ ಗುರಿಯೆಂದು ಬಗೆದು ಅಲ್ಲಿಯೇ ನಿಲ್ಲಬಾರದೆಂದು ಎಚ್ಚರಿಸಿದರು. ಅವರ ದಾರಿ ಶಿವಯೋಗ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸಿ ಮನವನ್ನು ಲಿಂಗದಲ್ಲಿ ಲೀನಗೊಳಿಸುವ ಸಾಧನೆಯದು. ಧಾರವಾಡದ ತಪೋವನದ ಮಹಾತಪಸ್ವಿ ಶ್ರೀ ಕುಮಾರ ಸ್ವಾಮಿಗಳು ತಮ್ಮ ಗ್ರಂಥಗಳ ಮೂಲಕ ಈ ಶಿವಯೋಗದ ಹಿರಿಮೆಯನ್ನು ನಾಡಿನ ಹೊರಗೂ ಸಾರಿದರು.

ಉಸಿರು ಓಡುತ್ತಿದ್ದರೆ ಮನವೂ ಓಡುವುದು. ಮನವು ಓಡುತ್ತಿದ್ದರೆ ಕಣ್ಣು ಲಿಂಗದ ಮೇಲೆ ನಿಲ್ಲದು. ಆದುದರಿಂದ ಶೀತಲೀಯನ್ನು ಪೂಜೆಗೆ ಮುಂಚಿನ ಐದು ನಿಮಿಷಗಳ ಸಿದ್ಧತೆಯನ್ನಾಗಿ ಮಾಡಿಕೊಳ್ಳಬೇಕೆಂದು ನಮ್ಮ ವಿನಂತಿ. ಹತ್ತು ಉಸಿರುಗಳಾದ ಮೇಲೆ ವಿಭೂತಿ ಧರಿಸಿ ಲಿಂಗವನ್ನು ಅಂಗೈಗೆ ತಂದುಕೊಳ್ಳಿರಿ; ದೃಷ್ಟಿಯು ಎಂದಿಗಿಂತ ಬೇಗನೆ ನಿಲ್ಲುವುದನ್ನು ಕಾಣುವಿರಿ. ಸಂಜೆ ಮನೆಗೆ ಬಂದವರು ಮೊದಲ ಮಾತಿಗಿಂತ ಮೊದಲು ಕೈಕಾಲು ತೊಳೆದು, ಒಂದು ತಂಬಿಗೆ ನೀರು ಕುಡಿದು, ಐದು ಉಸಿರು ಶೀತಲೀ ಮಾಡಲಿ. ಒಲೆಯ ಮುಂದಿನಿಂದ ಎದ್ದ ತಾಯಿಗೂ ಆ ಐದು ನಿಮಿಷಗಳನ್ನು ಮನೆಯವರು ಬಿಟ್ಟುಕೊಡಲಿ. ಅಷ್ಟು ಹೊತ್ತು ಒಲೆಯನ್ನು ಬೇರೊಬ್ಬರು ನೋಡಿಕೊಳ್ಳಲಿ.

ಬಸವ ಜಯಂತಿಯು ವೈಶಾಖದ ಬಿಸಿಲಿನಲ್ಲಿಯೇ ಬರುವುದು. ಆ ಪುಣ್ಯದಿನದೊಳಗಾಗಿ ಮನೆಮಂದಿಯೆಲ್ಲ ಈ ಅಭ್ಯಾಸವನ್ನು ರೂಢಿಸಿಕೊಳ್ಳೋಣ. ಅದರ ಜೊತೆಗೆ ಮನೆಯ ಮುಂದೆ ಒಂದು ಹರವಿ ನೀರನ್ನಿಟ್ಟು, ಪಕ್ಕದಲ್ಲೊಂದು ತಂಬಿಗೆಯನ್ನಿರಿಸೋಣ. ನಮ್ಮ ಉಸಿರಿನ ತಂಪು ನಮಗಷ್ಟೇ ಮೀಸಲು. ಹರವಿಯ ತಂಪು ಹಾದಿಯಲ್ಲಿ ಬರುವ ಎಲ್ಲರಿಗೂ ಸಲ್ಲುವುದು. ಮೊದಲನೆಯದು ಸಾಧನೆ, ಎರಡನೆಯದು ದಾಸೋಹ. ಒಂದನ್ನು ಬಿಟ್ಟು ಇನ್ನೊಂದು ಪೂರ್ಣವಾಗದು.